ಕೆರೆ ಕಾಣದ ಲೇಕ್ ವ್ಯೂ

ಚಿಕ್ಕವಳಿದ್ದಾಗ ಚಿಕ್ಕಪ್ಪ ನನ್ನನ್ನು ಬೆಂಗಳೂರಿನ ಎಂ.ಜಿ. ರಸ್ತೆಯ ಲೇಕ್ ವ್ಯೂ ಅನ್ನೋ ಐಸ್‌ಕ್ರೀಮ್ ಅಂಗಡಿಗೆ ಕರೆದುಕೊಂಡು ಹೋಗಿದ್ದರು. ಉದ್ದನೆಯ ಗಾಜಿನ ಲೋಟದಲ್ಲಿ ಐಸ್‌ಕ್ರೀಮ್, ತಳ ಮುಟ್ಟೋಕೆ ಅಷ್ಟೇ ಉದ್ದದ ಚಮಚ. ಲೋಟ ಬೆವೆತು ಮೇಜಿನ ಮೇಲೆ ನೀರಿನ ಉಂಗುರ ಮೂಡಿತ್ತು. "ಕೆರೆ ಎಲ್ಲಿ ಚಿಕ್ಕಪ್ಪ?" ಅಂತ ಕೇಳಿದೆ. ಅವರಿಗೂ ಗೊತ್ತಿರಲಿಲ್ಲ. ಬಿಲ್ ತಂದ ಹಿರಿಯರು ಟ್ರಿನಿಟಿ ಚರ್ಚ್ ಕಡೆ ಕೈ ತೋರಿಸಿ, "ಅಂಗಡಿ ಮೊದಲು ಹಲಸೂರು ಕೆರೆ ಹತ್ತಿರ ಇತ್ತು ಪುಟ್ಟಾ" ಅಂದರು.

ಆ ಮಾತು ನಿಜ. 1930ರಲ್ಲಿ ಜೇಮ್ಸ್ ಮೆಡೊ ಚಾರ್ಲ್ಸ್ ಎಂಬ ಇಂಗ್ಲಿಷ್ ಮನುಷ್ಯ ಕೆನ್ಸಿಂಗ್ಟನ್ ರಸ್ತೆಯಲ್ಲಿ ಲೇಕ್ ವ್ಯೂ ಮಿಲ್ಕ್ ಬಾರ್ ತೆರೆದರು. ಎದುರಿಗೇ ಕೆರೆ, ಅದಕ್ಕೇ ಆ ಹೆಸರು. ಆ ಭಾಗ, ಅಂದರೆ ದಂಡು ಪ್ರದೇಶ (ಕಂಟೋನ್ಮೆಂಟ್), ಆಗಿನ್ನೂ ಬ್ರಿಟಿಷರ ಕೈಯಲ್ಲಿತ್ತು. ಬಾರ್ ಅಂದರೆ ಹೆಂಡದಂಗಡಿ ಅಂದುಕೊಳ್ಳಬೇಡಿ. ಇಲ್ಲಿ ಸಿಗುತ್ತಿದ್ದದ್ದು ಹಾಲು, ಮಿಲ್ಕ್‌ಶೇಕ್, ಐಸ್‌ಕ್ರೀಮ್. ಆಸ್ಟ್ರೇಲಿಯಾದವರು ಮಿಲ್ಕ್ ಬಾರ್ ತಮ್ಮದೇ ಅನ್ನುವಷ್ಟು ಹಚ್ಚಿಕೊಂಡಿದ್ದಾರೆ. ಆದರೆ ಸಿಡ್ನಿಯ ಹೆಸರಾಂತ ಮೊದಲ ಮಿಲ್ಕ್ ಬಾರ್ ಶುರುವಾಗಿದ್ದು 1932ರಲ್ಲಿ. ನಮ್ಮದು ಅದಕ್ಕಿಂತ ಎರಡು ವರ್ಷ ಹಳೇದು! ಇದನ್ನು ನಾವು ಯಾಕೆ ಎಲ್ಲೂ ಹೇಳಿಕೊಳ್ಳೋದಿಲ್ಲ?

ಸ್ವಾತಂತ್ರ್ಯದ ಹೊತ್ತಿಗೆ ಅಂಗಡಿ ಗುಜರಾತಿ ಕುಟುಂಬವೊಂದರ ಪಾಲಾಯಿತು. ಮುಂದೆ ಎಂ.ಜಿ. ರಸ್ತೆಗೆ ಬಂತು. ಕೆರೆ ಹಿಂದೆ ಉಳಿಯಿತು, ಹೆಸರು ಮಾತ್ರ ಜೊತೆಗೆ ಬಂತು. ಆ ರಸ್ತೆಯ ಹೆಸರೇ 1948ರಲ್ಲಿ ಸೌತ್ ಪರೇಡ್ ಹೋಗಿ ಮಹಾತ್ಮ ಗಾಂಧಿ ರಸ್ತೆ ಆಯಿತು. 2009ರಲ್ಲಿ ಅಲ್ಲಿದ್ದ ಹಳೇ ಕಾಫಿ ಹೌಸ್ ಚರ್ಚ್ ಸ್ಟ್ರೀಟಿಗೆ ಹೋಯಿತು, 2011ರಲ್ಲಿ ಮೆಟ್ರೊ ಬಂತು. ಇಷ್ಟೆಲ್ಲ ಆದರೂ, ಕೆರೆ ಕಾಣದ ಜಾಗದಲ್ಲಿ ಕೆರೆಯ ಹೆಸರು ಬಿಡದ ಆ ಅಂಗಡಿಯವರ ಮೇಲೆ ನನಗೆ ತುಂಬ ಗೌರವ.

ನನ್ನ ಆಸೆ ಒಂದೇ. ರಾಜರು, ದೊರೆಗಳು ಬಂದು ಹೋದ ಕಡೆಯೆಲ್ಲ ಕಲ್ಲು ನೆಡುತ್ತೇವೆ. ನಮ್ಮಂಥವರು ಮಕ್ಕಳನ್ನು ಕರೆದುಕೊಂಡು ಹೋಗಿ ಕೂತು ತಿಂದ ಜಾಗವೂ ಇತಿಹಾಸವೇ ಅಲ್ವಾ? ಕೆನ್ಸಿಂಗ್ಟನ್ ರಸ್ತೆಯಲ್ಲಿ, ಕೆರೆ ಕಾಣುವ ಕಡೆ, ಕನ್ನಡದಲ್ಲಿ ಒಂದು ಸಣ್ಣ ಫಲಕ ಹಾಕಲಿ: "ಲೇಕ್ ವ್ಯೂ ಮಿಲ್ಕ್ ಬಾರ್ 1930ರಲ್ಲಿ ಈ ರಸ್ತೆಯಲ್ಲಿ ಶುರುವಾಯಿತು."

ನಿಮ್ಮ ಮನೆಯ ಆಲ್ಬಮ್‌ನಲ್ಲಿ ಹಳೇ ಅಂಗಡಿಯ ಫೋಟೋ ಇದ್ದರೆ ದಯವಿಟ್ಟು ಹಾಕಿ. ಹಿಂದೆ ಕೆರೆ ಕಾಣುವಂಥದ್ದು ಯಾರ ಹತ್ತಿರವಾದರೂ ಇರಬಹುದು.