ಹೋಯ್ತು ಅಂತ ಬರೆದಿಟ್ಟವರು

ದುಡ್ಡಿನ ಬಗ್ಗೆ ನನಗೆ ಮೊದಲು ಪಾಠ ಮಾಡಿದ್ದು ಒಂದು ನೋಟ್‌ಬುಕ್. ಅಪ್ಪನದು. ಉದ್ದನೆಯ, ರಟ್ಟು ಸವೆದ ಲೆಕ್ಕದ ಪುಸ್ತಕ. ಅದನ್ನು ಅವರು ಬೀಗ ಹಾಕಿ ಇಡುತ್ತಿರಲಿಲ್ಲ. ನಮ್ಮ ಶಾಲೆಯ ಪುಸ್ತಕಗಳ ಪಕ್ಕದಲ್ಲೇ, ಯಾರ ಕೈಗಾದರೂ ಸಿಗುವ ಹಾಗೆ ಇರುತ್ತಿತ್ತು.

ಪ್ರತಿ ಪುಟದಲ್ಲೂ ನಾಲ್ಕು ಕಾಲಂ. ತಾರೀಕು, ಯಾರಿಗೆ, ಎಷ್ಟು. ನಾಲ್ಕನೆಯದರಲ್ಲಿ ಒಂದೇ ಪದ. ‘ಬಂತು’ ಅಥವಾ ‘ಹೋಯ್ತು’. ಎಲ್ಲವೂ ಪೆನ್ಸಿಲ್ ಬರಹ. ಒತ್ತಿ ಬರೆಯುವ ಅಭ್ಯಾಸ ಅವರಿಗೆ. ಪುಟ ತಿರುವಿ ಬೆರಳಾಡಿಸಿದರೆ ಹಿಂದಿನ ಪುಟದ ಅಕ್ಷರ ಕೈಗೆ ತಾಗುತ್ತಿತ್ತು.

ಹತ್ತನೇ ತರಗತಿಯ ರಜೆಯಲ್ಲಿ ಸುಮ್ನೆ ತಿರುವಿ ಹಾಕುತ್ತಿದ್ದೆ. ಒಂದು ಪುಟದಲ್ಲಿ ಮಾತ್ರ ಇಂಕು ಕಂಡಿತು. ‘ಹೋಯ್ತು. ಓದದೆ ಸಹಿ ಹಾಕಿದೆ. ತಪ್ಪು ನನ್ನದು.’ ಗೆಳೆಯರೊಬ್ಬರ ಸಾಲಕ್ಕೆ ಅಪ್ಪ ಜಾಮೀನು ನಿಂತಿದ್ದರು. ಗೆಳೆಯ ಕಟ್ಟಲಿಲ್ಲ. ಅಲ್ಲಿಂದ ಮುಂದೆ ಪ್ರತಿ ತಿಂಗಳೂ ಅದೇ ಮೊತ್ತ, ಅದೇ ಪದ: ‘ಜಾಮೀನು’. ಬೆರಳಿಟ್ಟು ಎಣಿಸಿದೆ. 72 ಸಾಲು. ಆರು ವರ್ಷ. ಆ ವರ್ಷಗಳಲ್ಲೇ ನಾನು ಸೈಕಲ್ ಬೇಕು ಅಂತ ಹಟ ಹಿಡಿದಿದ್ದು, ಅವರು ‘ಈಗ ಬೇಡ ಮಗಾ’ ಅಂದು ಎದ್ದು ಹೋಗಿದ್ದು ನೆನಪಾಯಿತು.

ಇದನ್ನೆಲ್ಲ ಯಾಕೆ ಬರೆದಿಟ್ಟಿದ್ದೀರಿ, ಹರಿದು ಹಾಕಬಹುದಿತ್ತಲ್ಲ ಅಂತ ಕೇಳಿದೆ. ಅಪ್ಪ ತಲೆ ಎತ್ತದೆ ಹೇಳಿದರು, ‘ಬಂದಿದ್ದಷ್ಟೇ ಬರೆದರೆ ಅದು ಲೆಕ್ಕ ಆಗಲ್ಲ, ಜಂಬ ಆಗುತ್ತೆ.’

ಮೂವತ್ತು ವರ್ಷ ಆಯಿತು. ಈಗ ಹಿಂತಿರುಗಿ ನೋಡಿದರೆ, ಬದುಕು ಮತ್ತು ದುಡ್ಡಿನ ಬಗ್ಗೆ ನನ್ನ ತಲೆಯಲ್ಲಿ ಗಟ್ಟಿಯಾಗಿ ಉಳಿದಿರುವುದೆಲ್ಲ ಒಂದೇ ಥರದ ಜನರಿಂದ ಬಂದದ್ದು. ಅವರು ಶ್ರೀಮಂತರೇ ಆಗಿರಬೇಕು ಅಂತಿಲ್ಲ, ಜಾಣರೇ ಆಗಿರಬೇಕು ಅಂತಲೂ ಇಲ್ಲ. ತಾವು ಕಳೆದುಕೊಂಡದ್ದನ್ನು ಬಚ್ಚಿಡದೆ ತೋರಿಸಿದವರು ಅವರು. ಗೆದ್ದದ್ದನ್ನು ಮಾತ್ರ ಹೇಳಿದವರ ಮಾತು ಕೇಳುವಾಗ ಚೆನ್ನಾಗಿರುತ್ತಿತ್ತು. ಆದರೆ ಕಷ್ಟ ಬಂದಾಗ ಅದರಲ್ಲಿ ಒಂದೂ ಕೈ ಹಿಡಿಯಲಿಲ್ಲ.

ಅಂಥವರೂ ನಮ್ಮ ಮನೆಯಲ್ಲೇ ಇದ್ದರು. ನನ್ನ ಸೋದರಮಾವ. ಬಂದರೆ ಮನೆಯೇ ತುಂಬಿದ ಹಾಗೆ. ಈ ವ್ಯವಹಾರದಲ್ಲಿ ಇಷ್ಟು ಬಂತು, ಆ ಜಾಗ ಕೊಟ್ಟೆ, ಎರಡರಷ್ಟು ಆಯಿತು, ಬರೀ ಇಂಥದ್ದೇ ಮಾತು. ಮಕ್ಕಳಾದ ನಮಗೆ ಅವರೆಂದರೆ ಪ್ರಾಣ. ಅಪ್ಪನ ಪೆನ್ಸಿಲ್ ಲೆಕ್ಕಕ್ಕಿಂತ ಮಾವನ ಮಾತೇ ದೊಡ್ಡದಾಗಿ ಕಾಣುತ್ತಿತ್ತು. ಅವರು ತೀರಿಕೊಂಡ ಹತ್ತನೇ ದಿನದಿಂದ ಒಬ್ಬೊಬ್ಬರಾಗಿ ಸಾಲ ಕೊಟ್ಟವರು ಬರತೊಡಗಿದರು. ಅತ್ತೆಗೆ ಒಂದೂ ಗೊತ್ತಿರಲಿಲ್ಲ. ಬಂದವರ ಮುಂದೆ ಕುಳಿತು, ಒಂದೊಂದು ಚೀಟಿಯನ್ನೂ ತೆಗೆದುಕೊಂಡು, ಮೊತ್ತ ಓದಿ, ಮಡಚಿ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದರು. ಅಳಲಿಲ್ಲ. ಒಂದೇ ಮಾತು ಹೇಳಿದರು, ‘ನನಗೆ ಹೇಳಿದ್ದರೆ ಬೈತಿರಲಿಲ್ಲ ಕಣೋ.’

ಮಾವನ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಸಂಕಟ ಇದೆ. ಸಾಲ ತರುವಾಗಿನ ಹಿತ, ಕೊಟ್ಟವನು ಬಂದು ಎಳೆವಾಗಿನ ನೋವು, ಎರಡನ್ನೂ ಸರ್ವಜ್ಞ ಮೂರೇ ಸಾಲಿನಲ್ಲಿ ಹೇಳಿಬಿಟ್ಟಿದ್ದಾನೆ. ಆದರೆ ನಡುವೆ ಇನ್ನೊಂದು ನೋವಿದೆ. ಸಾಲ ಇದೆ ಅಂತ ಹೆಂಡತಿಗೂ ಹೇಳಲಾಗದೆ ನಗುತ್ತಾ ಓಡಾಡುವ ನೋವು. ಮಾವ ಅದನ್ನು ಎಷ್ಟು ವರ್ಷ ಹೊತ್ತುಕೊಂಡು ತಿರುಗಿದರೋ.

ಇಷ್ಟೆಲ್ಲ ಕಣ್ಣಾರೆ ಕಂಡಿದ್ದರೂ ನಾನು ದುಡಿಯಲು ಶುರು ಮಾಡಿದ ಮೇಲೆ ಕಿವಿ ಕೊಟ್ಟದ್ದು ಟಿವಿಗೆ. ಒಂದು ಚಾನೆಲ್‌ನಲ್ಲಿ ದಿನಾ ಬೆಳಿಗ್ಗೆ ಷೇರುಗಳ ಹೆಸರು ಹೇಳುತ್ತಿದ್ದರು. ಕೆಳಗೆ ಅಂಕಿಗಳು ಓಡುತ್ತಿದ್ದವು. ಹೇಳುವವರ ದನಿಯಲ್ಲಿ ಅಷ್ಟೊಂದು ಧೈರ್ಯ. ಒಂದು ವರ್ಷದ ಉಳಿತಾಯ ಹಾಕಿ ಅವರು ಹೇಳಿದ ಒಂದು ಕಂಪನಿಯ ಷೇರು ಕೊಂಡೆ. ಆರು ತಿಂಗಳಲ್ಲಿ ಅರ್ಧಕ್ಕೆ ಬಂತು. ಆಮೇಲೆ ಕಾಲು ಭಾಗಕ್ಕೆ. ನನ್ನನ್ನು ಹೆಚ್ಚು ನೋಯಿಸಿದ್ದು ಬೆಲೆ ಬಿದ್ದದ್ದಲ್ಲ. ಆ ಚಾನೆಲ್‌ನಲ್ಲಿ ಆ ಕಂಪನಿಯ ಹೆಸರನ್ನು ಮತ್ತೆ ಯಾರೂ ಎತ್ತಲಿಲ್ಲ. ನಾನು ದಿನಾ ಕಾಯುತ್ತಿದ್ದೆ. ‘ನಾವು ಹೇಳಿದ್ದು ತಪ್ಪಾಯಿತು, ಯಾಕೆ ಅಂದರೆ ಹೀಗೆ’ ಅಂತ ಒಂದು ಮಾತು ಬರಬಹುದು ಅಂತ. ಬರಲಿಲ್ಲ. ಅವರ ಲೆಕ್ಕದಲ್ಲಿ ನಾಲ್ಕನೇ ಕಾಲಂ ಇರಲೇ ಇಲ್ಲ.

ಆ ಷೇರನ್ನು ನಾಲ್ಕು ವರ್ಷ ಮಾರದೆ ಇಟ್ಟುಕೊಂಡೆ. ಕೊಂಡ ಬೆಲೆಗಾದರೂ ಬರಲಿ, ಆಮೇಲೆ ಮಾರೋಣ ಅಂತ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ನಾನೂ ಮಾವನ ದಾರಿಯಲ್ಲೇ ಇದ್ದೇನೆ ಅಂತ ಹೊಳೆಯಲು ನಾಲ್ಕು ವರ್ಷ ಬೇಕಾಯಿತು.

ಯಾಕೆ ಹೀಗೆ ಮಾಡಿದೆ ಅಂತ ತಿಳಿದದ್ದು ಓದಲು ಶುರು ಮಾಡಿದ ಮೇಲೆ. ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವೆರ್‌ಸ್ಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲಿ ಒಂದು ಪ್ರಬಂಧ ಬರೆದರು. ಅದರ ತಿರುಳು ಇಷ್ಟು: ಕಳೆದುಕೊಂಡಾಗಿನ ನೋವು, ಅಷ್ಟೇ ಮೊತ್ತ ಗಳಿಸಿದಾಗಿನ ಖುಷಿಗಿಂತ ಜಾಸ್ತಿ. ಎಷ್ಟು ಜಾಸ್ತಿ? ಸುಮಾರು ಎರಡು ಪಟ್ಟು ಅಂತ ಅವರ ಮುಂದಿನ ಕೆಲಸದಲ್ಲಿ ಕಂಡುಬಂತು. ಇದನ್ನೇ ಹಿಡಿದುಕೊಂಡು ಹರ್ಶ್ ಶೆಫ್ರಿನ್ ಮತ್ತು ಮೇರ್ ಸ್ಟಾಟ್‌ಮನ್ ಎಂಬ ಸಂಶೋಧಕರು 1985ರಲ್ಲಿ ಇನ್ನೊಂದು ವಿಷಯ ತೋರಿಸಿದರು. ಜನ ಲಾಭದಲ್ಲಿರುವ ಷೇರನ್ನು ಬೇಗ ಮಾರುತ್ತಾರೆ, ನಷ್ಟದಲ್ಲಿರುವುದನ್ನು ಅಪ್ಪಿಕೊಂಡು ಕೂರುತ್ತಾರೆ. ಮಾರಿದರೆ ನಷ್ಟ ಖಾಯಂ ಆಗುತ್ತದಲ್ವಾ? ಮಾರುವವರೆಗೆ ‘ಇನ್ನೂ ಹೋಗಿಲ್ಲ’ ಅಂದುಕೊಳ್ಳಬಹುದು. ಓದುತ್ತಾ ಓದುತ್ತಾ ಕಣ್ಣು ಮಂಜಾಯಿತು. ನನ್ನದೇ ನಾಲ್ಕು ವರ್ಷವನ್ನು ಯಾರೋ ಮೊದಲೇ ಕೂತು ಬರೆದ ಹಾಗಿತ್ತು. ಮಾರನೆಯ ದಿನ ಷೇರು ಮಾರಿದೆ. ಅಪ್ಪನ ಹಾಗೆ ಒಂದು ನೋಟ್‌ಬುಕ್ ತಂದು ಮೊದಲ ಸಾಲಿನಲ್ಲಿ ‘ಹೋಯ್ತು’ ಅಂತ ಬರೆದೆ. ಇಂಕಿನಲ್ಲಿ.

ಆಮೇಲೆ ಹುಡುಕಿ ಹುಡುಕಿ ಓದಿದ್ದು ಇಂಥವರನ್ನೇ. ಬೆಂಜಮಿನ್ ಗ್ರಹಾಂ ಹೆಸರು ಷೇರಿನ ಬಗ್ಗೆ ಓದುವ ಎಲ್ಲರಿಗೂ ಗೊತ್ತು. ಅಮೆರಿಕದ ಹೆಸರಾಂತ ಹೂಡಿಕೆದಾರ ವಾರೆನ್ ಬಫೆಟ್‌ಗೆ ಪಾಠ ಹೇಳಿದ ಗುರು. ಆದರೆ ಗ್ರಹಾಂ 1929ರ ಷೇರುಪೇಟೆ ಕುಸಿತದಲ್ಲಿ ಮತ್ತು ಅದರ ನಂತರದ ಮೂರು ವರ್ಷಗಳಲ್ಲಿ ಎಷ್ಟು ಕಳೆದುಕೊಂಡರು ಅನ್ನುವುದನ್ನು ಜನ ನೆನೆಯುವುದಿಲ್ಲ. ತಾವು ನೋಡಿಕೊಳ್ಳುತ್ತಿದ್ದ ಬಂಡವಾಳದ ಬಹುಪಾಲು ಹೋಗಿತ್ತು. ಆ ಪೆಟ್ಟು ತಿಂದ ಮೇಲೆಯೇ 1934ರಲ್ಲಿ ಡೇವಿಡ್ ಡಾಡ್ ಜೊತೆ ಸೇರಿ ಮೊದಲ ದೊಡ್ಡ ಪುಸ್ತಕ ಬರೆದದ್ದು, 1949ರಲ್ಲಿ ಸಾಮಾನ್ಯರಿಗಾಗಿ ಇನ್ನೊಂದು ಬರೆದದ್ದು. ಅವರ ಮುಖ್ಯ ಮಾತು, ಷೇರಿನ ನಿಜವಾದ ಮೌಲ್ಯಕ್ಕೂ ನೀವು ಕೊಡುವ ಬೆಲೆಗೂ ನಡುವೆ, ನಿಮ್ಮ ಲೆಕ್ಕ ತಪ್ಪಾದರೂ ಬದುಕಿ ಉಳಿಯುವಷ್ಟು ಅಂತರ ಇಟ್ಟು ಖರೀದಿಸಿ ಅನ್ನುವುದು. ನನ್ನ ಲೆಕ್ಕ ತಪ್ಪಾಗಬಹುದು ಅಂತ ಮೊದಲೇ ಒಪ್ಪಿಕೊಂಡವರು ಮಾತ್ರ ಹೇಳಬಹುದಾದ ಮಾತು ಇದು. ನನ್ನ ಮಟ್ಟಿಗೆ ಇದು ಷೇರಿಗಷ್ಟೇ ಸೇರಿದ್ದಲ್ಲ. ಮನೆ ಸಾಲದ ಕಂತು ಎಷ್ಟಿರಬೇಕು, ಕೆಲಸ ಹೋದರೆ ಎಷ್ಟು ತಿಂಗಳು ತಡೆಯುತ್ತೇವೆ, ಎಲ್ಲ ಕಡೆಯೂ ಇದೇ ಅಂತರವನ್ನು ಅಳೆಯುತ್ತೇನೆ.

ಬಫೆಟ್ ಅವರ ಪತ್ರಗಳನ್ನು ನಾನು ಶ್ರೀಮಂತನಾಗುವುದು ಹೇಗೆ ಅಂತ ತಿಳಿಯಲು ಓದಲು ಕುಳಿತದ್ದು. ಪ್ರತಿ ವರ್ಷ ಷೇರುದಾರರಿಗೆ ಬರೆಯುತ್ತಿದ್ದ ಪತ್ರಗಳು, ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದು. ತನ್ನ ಇಬ್ಬರು ಅಕ್ಕತಂಗಿಯರಿಗೆ ಬರೆಯುತ್ತಿದ್ದೇನೆ ಅಂದುಕೊಂಡು ಬರೆಯುತ್ತೇನೆ ಅಂತ ಅವರೇ ಹೇಳಿದ್ದಾರೆ. 2007ನೇ ಸಾಲಿನ ಪತ್ರ ನನ್ನನ್ನು ಹಿಡಿದು ನಿಲ್ಲಿಸಿತು. 1993ರಲ್ಲಿ ಡೆಕ್ಸ್ಟರ್ ಎಂಬ ಶೂ ಕಂಪನಿಯನ್ನು ಕೊಂಡಿದ್ದರು. ಅದು ಮುಳುಗಿತು. ಬೆಲೆಯನ್ನು ನಗದಿನಲ್ಲಿ ಕೊಡದೆ ತಮ್ಮ ಕಂಪನಿಯ ಷೇರಿನಲ್ಲಿ ಕೊಟ್ಟಿದ್ದರಿಂದ, ಸುಮಾರು 40 ಕೋಟಿ ಡಾಲರ್ ತಪ್ಪು 350 ಕೋಟಿ ಡಾಲರ್ ತಪ್ಪಾಯಿತು ಅಂತ ತಾವೇ ಲೆಕ್ಕ ಹಾಕಿ ಬರೆದಿದ್ದಾರೆ. ತಾನು ಮಾಡಿದ್ದರಲ್ಲೇ ಅತಿ ಕೆಟ್ಟ ವ್ಯವಹಾರ ಅಂತ ಹೆಸರಿಟ್ಟಿದ್ದಾರೆ. ಹದಿನಾಲ್ಕು ವರ್ಷ ಹಳೆಯ ವಿಷಯ. ಹೇಳದಿದ್ದರೆ ಯಾರು ಕೇಳುತ್ತಿದ್ದರು? ನನಗೆ ಕಂಡದ್ದು ಅಪ್ಪನ ಪೆನ್ನು.

ಅಮೆರಿಕದಲ್ಲಿ ಜನರ ಹೂಡಿಕೆ ನೋಡಿಕೊಳ್ಳುವ ಫಂಡ್ ಕಂಪನಿಯೊಂದರ ಮುಖ್ಯಸ್ಥರಾಗಿದ್ದ ಜಾನ್ ಬೋಗಲ್ ಕಥೆ ನನಗೆ ಇನ್ನೂ ಹತ್ತಿರ. ಇನ್ನೊಂದು ಕಂಪನಿಯ ಜೊತೆ ತಾವೇ ಮುಂದೆ ನಿಂತು ಮಾಡಿಸಿದ ವಿಲೀನ ಕೈಕೊಟ್ಟಿತು. ಹಾಗೆ ಒಳಗೆ ಬಂದವರೇ 1974ರಲ್ಲಿ ಅವರನ್ನು ಕೆಲಸದಿಂದ ತೆಗೆದರು. ವಿಲೀನ ತನ್ನದೇ ದೊಡ್ಡ ತಪ್ಪು ಅಂತ ಅವರು ಕೊನೆಯವರೆಗೂ ಹೇಳಿದರು. ಅದೇ ವರ್ಷ ವ್ಯಾನ್‌ಗಾರ್ಡ್ ಎಂಬ ಹೊಸ ಫಂಡ್ ಕಂಪನಿ ಕಟ್ಟಿದರು. 1976ರಲ್ಲಿ ಸಾಮಾನ್ಯರಿಗಾಗಿ ಇಂಡೆಕ್ಸ್ ಫಂಡ್ ತಂದರು, ಅಂದರೆ ಷೇರುಪೇಟೆಯ ಒಂದು ಸೂಚ್ಯಂಕದಲ್ಲಿರುವ ಕಂಪನಿಗಳನ್ನೆಲ್ಲ ಕೊಳ್ಳುವ ಫಂಡ್. ಗೆಲ್ಲುವ ಕುದುರೆ ಯಾವುದು ಅಂತ ಹುಡುಕುವ ಬದಲು ಎಲ್ಲ ಕುದುರೆಗಳನ್ನೂ ಸ್ವಲ್ಪ ಸ್ವಲ್ಪ ಕೊಳ್ಳುವ ಉಪಾಯ. 15 ಕೋಟಿ ಡಾಲರ್ ಸೇರುತ್ತದೆ ಅಂತ ಹೊರಟರೆ ಸೇರಿದ್ದು 1.13 ಕೋಟಿ. ಜನ ನಕ್ಕರು. ಅವರು ಬಿಡಲಿಲ್ಲ.

ಬೋಗಲ್ ಜೀವನವಿಡೀ ಹೇಳಿದ್ದು ಖರ್ಚಿನ ಬಗ್ಗೆ. ಇದನ್ನು ಒಮ್ಮೆ ನೀವೇ ಲೆಕ್ಕ ಹಾಕಿ ನೋಡಿ. ನೂರನ್ನು ವರ್ಷಕ್ಕೆ ಶೇಕಡಾ 8ರಂತೆ 40 ವರ್ಷ ಬೆಳೆಯಲು ಬಿಟ್ಟರೆ ಸುಮಾರು 2,170 ಆಗುತ್ತದೆ. ಅದೇ ಹಣವನ್ನು ನೋಡಿಕೊಳ್ಳುವವರು ವರ್ಷಕ್ಕೆ ಶೇಕಡಾ 2 ತೆಗೆದುಕೊಂಡರೆ ನಿಮಗೆ ಸಿಗುವುದು ಶೇಕಡಾ 6. ಆಗ ಆಗುವುದು ಸುಮಾರು 1,030. ಬರೀ ಎರಡು ಅಂತ ಕಾಣುವುದು ಅರ್ಧಕ್ಕಿಂತ ಜಾಸ್ತಿ ತಿಂದುಬಿಡುತ್ತದೆ. ಹನಿ ಹನಿ ಕೂಡಿದರೆ ಹಳ್ಳ ಅನ್ನುತ್ತೇವಲ್ಲ, ಹನಿ ಹನಿಯಾಗಿ ಸೋರಿದರೂ ಹಳ್ಳವೇ. ಈ ಲೆಕ್ಕವನ್ನು ನನಗೆ ಯಾವ ಏಜೆಂಟೂ ಹೇಳಿರಲಿಲ್ಲ, ಯಾಕೆಂದರೆ ಸೋರಿದ್ದು ಅವರ ಪಾತ್ರೆಗೆ.

ಇಲ್ಲಿ ಒಬ್ಬರನ್ನು ನೆನೆಯಲೇಬೇಕು. ನನ್ನ ಮೊದಲ ಕೆಲಸದಲ್ಲಿ ಒಬ್ಬ ಹಿರಿಯ ಸಹೋದ್ಯೋಗಿ ಇದ್ದರು. ಒಂದು ದಿನ ತಮ್ಮ ಸಂಬಳದ ಚೀಟಿ ತೆಗೆದು ನನ್ನ ಮುಂದೆ ಇಟ್ಟು, ‘ನೋಡು, ನಾನು ಹತ್ತು ವರ್ಷ ಕೇಳಲಿಲ್ಲ, ಅದಕ್ಕೇ ಇಷ್ಟು. ನೀನು ಕೇಳು’ ಅಂದರು. ಅಷ್ಟೇ. ಮುಂದಿನ ವಾರ ನಾನು ಕೇಳಿದೆ, ಸಿಕ್ಕಿತು. ಸಂಬಳ ಗುಟ್ಟು ಅಂತ ಎಲ್ಲರೂ ನಂಬಿದ್ದ ಕಡೆ ಆಕೆ ತಮ್ಮ ನಷ್ಟವನ್ನು ನನಗೆ ಬಂಡವಾಳ ಮಾಡಿ ಕೊಟ್ಟರು. ಆ ಋಣ ದೊಡ್ಡದು.

ಈಗಿನ ಮಕ್ಕಳ ಕೈಗೆ ಬರುತ್ತಿರುವುದು ಒಂದು ನಿಮಿಷದ ವಿಡಿಯೋಗಳು. ನನಗೆ ಇದರ ಬಗ್ಗೆ ನಿಜವಾದ ಭಯ ಇದೆ. ಸಾವಿರ ಜನ ಸಾವಿರ ಥರ ಭವಿಷ್ಯ ಹೇಳುತ್ತಾರೆ. ಯಾರದ್ದೋ ಒಬ್ಬರದ್ದು ನಿಜವಾಗಲೇಬೇಕು. ಅವರು ಆ ತುಣುಕನ್ನು ಮತ್ತೆ ಹಾಕುತ್ತಾರೆ, ‘ನಾನು ಅಂದೇ ಹೇಳಿದ್ದೆ’ ಅಂತ. ಉಳಿದ 999 ತುಣುಕು ಸದ್ದಿಲ್ಲದೆ ಅಳಿಸಿಹೋಗುತ್ತವೆ. ನೋಡುವ ಹುಡುಗನಿಗೆ ಲೋಕದಲ್ಲಿ ಎಲ್ಲರೂ ಗೆಲ್ಲುತ್ತಿದ್ದಾರೆ, ನಾನೊಬ್ಬನೇ ಹಿಂದೆ ಬಿದ್ದೆ ಅನಿಸುತ್ತದೆ. ಒಳ್ಳೆಯದನ್ನು ತಾಳ್ಮೆಯಿಂದ ಹೇಳುವವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ‘ಬಂತು’ ಮಾತ್ರ ತುಂಬಿದ ನೋಟ್‌ಬುಕ್ಕನ್ನು ಓದಿ ಬೆಳೆದ ಮಗು, ತನ್ನ ಮೊದಲ ‘ಹೋಯ್ತು’ ಬಂದ ದಿನ ಯಾರ ಹತ್ತಿರ ಹೋಗಬೇಕು?

ಕಾನೆಮನ್ ಅವರ ಬಗ್ಗೆ ಇನ್ನೊಂದು ವಿಷಯ ಹೇಳಬೇಕು. 2010ರಲ್ಲಿ ಅವರು ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್ ಜೊತೆ, ವರ್ಷಕ್ಕೆ ಸುಮಾರು 75,000 ಡಾಲರ್ ಆದಾಯ ದಾಟಿದ ಮೇಲೆ ದಿನದಿನದ ಖುಷಿ ಹೆಚ್ಚುವುದಿಲ್ಲ ಅಂತ ಅಮೆರಿಕದ ಅಂಕಿಗಳಿಂದ ತೋರಿಸಿದ್ದರು. ಲೋಕವೆಲ್ಲ ಅದನ್ನು ಬಾಯಿಪಾಠ ಮಾಡಿತು. ನಾನೂ ಮಾಡಿದ್ದೆ. 2021ರಲ್ಲಿ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಎಂಬ ಯುವ ಸಂಶೋಧಕ, ಇಲ್ಲ, ಆದಾಯದ ಜೊತೆ ಖುಷಿ ಏರುತ್ತಲೇ ಹೋಗುತ್ತದೆ ಅಂದರು. ಕಾನೆಮನ್ ಜಗಳಕ್ಕೆ ಹೋಗಲಿಲ್ಲ. ಎಂಬತ್ತೇಳು ದಾಟಿದ ವಯಸ್ಸು, ಆಗಲೇ ನೊಬೆಲ್ ಬಂದಿತ್ತು. ಬಾರ್ಬರಾ ಮೆಲ್ಲರ್ಸ್ ಎಂಬ ಮನಶ್ಶಾಸ್ತ್ರಜ್ಞೆಯನ್ನು ನಡುವೆ ಕೂರಿಸಿಕೊಂಡು ಆ ಯುವಕನ ಜೊತೆಯೇ ಅಂಕಿಗಳನ್ನು ಮತ್ತೆ ನೋಡಿದರು. 2023ರಲ್ಲಿ ಮೂವರೂ ಸೇರಿ ಬರೆದರು. ಹೆಚ್ಚಿನವರಿಗೆ ಖುಷಿ ಏರುತ್ತಲೇ ಹೋಗುತ್ತದೆ. ತೀರಾ ದುಃಖದಲ್ಲಿರುವ ಐದರಲ್ಲೊಂದು ಪಾಲು ಜನರಿಗೆ ಮಾತ್ರ ಒಂದು ಮಟ್ಟದ ನಂತರ ದುಡ್ಡು ಕೆಲಸ ಮಾಡುವುದಿಲ್ಲ.

ಇದನ್ನು ಓದಿದಾಗ ನನಗೆ ಅತ್ತೆ ನೆನಪಾದರು. ಸಾಲಗಳನ್ನೆಲ್ಲ ನಾವು ಸೇರಿ ತೀರಿಸಿದೆವು. ಮಗನಿಗೆ ಒಳ್ಳೆಯ ಕೆಲಸವೂ ಸಿಕ್ಕಿತು. ಆದರೂ ಆ ಚೀಟಿಗಳನ್ನು ಅವರು ಎಸೆಯಲಿಲ್ಲ. ಅವರಿಗೆ ತಾಗಿದ್ದು ಮೊತ್ತ ಅಲ್ಲ.

ಈಗ ನನ್ನ ಹತ್ತಿರ ಯಾರೇ ಹೂಡಿಕೆ, ಸ್ಕೀಮು ಅಂತ ಬಂದರೂ ಒಂದೇ ಪ್ರಶ್ನೆ ಕೇಳುತ್ತೇನೆ. ‘ನೀವು ಕಳೆದುಕೊಂಡದ್ದು ಯಾವಾಗ, ಹೇಗೆ?’ ಸವಾಲು ಹಾಕುವ ದನಿಯಲ್ಲಿ ಅಲ್ಲ. ನಿಜವಾಗಿ ತಿಳಿಯಬೇಕು ಅಂತ. ಕೆಲವರು ಮಾತು ತಿರುಗಿಸುತ್ತಾರೆ. ಕೆಲವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಹೇಳಲು ಶುರು ಮಾಡುತ್ತಾರೆ. ಅವರಿಂದ ನಾನು ಏನೂ ಕೊಳ್ಳದಿದ್ದರೂ ಸ್ನೇಹ ಉಳಿದಿದೆ.

ಕಳೆದ ತಿಂಗಳು ಹಳೆಯ ಗೆಳೆಯನೊಬ್ಬ ಬಂದಿದ್ದ. ಮೊಬೈಲಿನಲ್ಲಿ ಒಂದು ಆ್ಯಪ್ ತೆರೆದು, ಹೇಗೆ ದಿನಾ ಬರುತ್ತದೆ ಅಂತ ತೋರಿಸಿದ. ಹಸಿರು ಅಂಕಿಗಳು. ಕೇಳಿದೆ ಅವನನ್ನೂ. ‘ನನಗೆ ಹಾಗೆಲ್ಲ ಆಗಿಲ್ಲಪ್ಪ’ ಅಂದು, ಬೇರೆ ಏನೋ ಮಾತಾಡಿ ಹೊರಟ.

ರಾತ್ರಿ ಹನ್ನೊಂದೂವರೆಗೆ ಅವನದ್ದೇ ಫೋನು. ಮೊದಲು ಸ್ವಲ್ಪ ಹೊತ್ತು ಉಸಿರು ಮಾತ್ರ ಕೇಳಿಸಿತು. ಆಮೇಲೆ ಹೇಳತೊಡಗಿದ. ಯಾವ ವರ್ಷ, ಎಷ್ಟು, ಯಾರ ಹತ್ತಿರ ಕೈಗಡ ತಂದದ್ದು, ಯಾವುದನ್ನು ಅಡ ಇಟ್ಟದ್ದು. ನಾನು ಹ್ಞೂಂ ಅಂತ ಮಾತ್ರ ಅನ್ನುತ್ತಿದ್ದೆ. ಒಂದು ಗಂಟೆ ದಾಟಿತ್ತು. ಮನೆಯಲ್ಲಿ ಗೊತ್ತಾ ಅಂತ ಕೇಳಿದೆ. ಇಲ್ಲ ಅಂದ. ಆಗ ನಾನು ಅತ್ತೆಯ ಮಾತನ್ನು ಅವನಿಗೆ ಹೇಳಿದೆ, ಅವರು ಹೇಳಿದ ಹಾಗೆಯೇ.

ತುಂಬಾ ಹೊತ್ತು ಸುಮ್ಮನಿದ್ದ. ‘ಅವಳಿನ್ನೂ ಎದ್ದಿದ್ದಾಳೆ, ಒಳಗೆ ಲೈಟು ಉರೀತಿದೆ’ ಅಂದ. ಇಡ್ತೀನಿ ಅಂತ ಫೋನ್ ಇಟ್ಟ.