ಭೋಲಾನ ಬ್ರಷ್ಷಿಗೆ ಅನುಮತಿ ಇದೆಯೇ?

ರಾಜ್ ಕಪೂರ್ ನಿರ್ಮಿಸಿದ 1954ರ ‘ಬೂಟ್ ಪಾಲಿಶ್’ ನೋಡಿ ಅಳುವವರಿಗೆ ಕಾನೂನಿನ ಗಂಧವಿಲ್ಲ. ತಾಯಿ ಕಾಲರಾಕ್ಕೆ ಬಲಿಯಾಗಿ, ಅಣ್ಣ ಭೋಲಾ ಮತ್ತು ತಂಗಿ ಬೇಲು ಮುಂಬಯಿಯ ಕೊಳೆಗೇರಿಯಲ್ಲಿ ಚಿಕ್ಕಮ್ಮನ ಕೈಗೆ ಸಿಕ್ಕುತ್ತಾರೆ. ಆಕೆ ಭಿಕ್ಷೆಗೆ ಅಟ್ಟುತ್ತಾಳೆ. ಜಾನ್ ಚಾಚಾ ಮಾತ್ರ ಕೈಚಾಚಬೇಡಿ, ದುಡಿದು ತಿನ್ನಿ ಅನ್ನುತ್ತಾನೆ. (ಅವನ ಕಸುಬು ಕಳ್ಳಸಾರಾಯಿ. ಬುದ್ಧಿ ಹೇಳಲು ಲೈಸೆನ್ಸ್ ಬೇಡವಲ್ಲ, ಪುಣ್ಯ.) ಮಕ್ಕಳು ಕದ್ದುಮುಚ್ಚಿ ಕಾಸು ಕೂಡಿಟ್ಟು ಬ್ರಷ್ಷು, ಪಾಲಿಶ್ ಡಬ್ಬಿ ಕೊಳ್ಳುತ್ತಾರೆ. ಪ್ರೇಕ್ಷಕರ ಚಪ್ಪಾಳೆ. ಇಂದಾಗಿದ್ದರೆ ಕಾರ್ಮಿಕ ಇಲಾಖೆಯ ಜೀಪೂ ಅಲ್ಲಿಗೇ ಬರುತ್ತಿತ್ತು.

ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಕ್ಕಳಿಗೆ ಯಾವ ದುಡಿಮೆಯೂ ಇಲ್ಲ. ಬಹಳ ಒಳ್ಳೆಯದು. ಆದರೆ ಶಾಲೆ ಬಿಟ್ಟ ಮೇಲೆ ‘ಕುಟುಂಬದ ಉದ್ಯಮ’ಕ್ಕೆ ನೆರವಾಗಬಹುದು. ಕುಟುಂಬ ಅಂದರೆ ಅಪ್ಪ, ಅಮ್ಮ, ಅಣ್ಣತಂಗಿಯಷ್ಟೇ ಅಲ್ಲ. ಅಪ್ಪ ಅಮ್ಮಂದಿರ ಒಡಹುಟ್ಟಿದವರೂ ಸೇರಿದ್ದಾರೆ. ಸೋದರತ್ತೆ ಪಾಲಿಶ್ ಅಂಗಡಿ ಇಟ್ಟು ಸಂಜೆ ಏಳರವರೆಗೆ ಮಕ್ಕಳ ಕೈ ಸವೆಸಿದರೆ ಅದು ದುಡಿಮೆಯಲ್ಲ, ನೆರವು.

ಇನ್ನೊಂದು ವಿನಾಯಿತಿ ಸಿನಿಮಾಕ್ಕೆ. ಜಿಲ್ಲಾಧಿಕಾರಿಯ ಅನುಮತಿ ಪಡೆದು, ದಿನಕ್ಕೆ 5 ಗಂಟೆ ಮೀರದಂತೆ ನೋಡಿಕೊಂಡು, ಗಳಿಕೆಯಲ್ಲಿ ಶೇ 20ರಷ್ಟನ್ನು ಮಗುವಿನ ಹೆಸರಲ್ಲಿ ಠೇವಣಿ ಇಟ್ಟರಾಯಿತು. ಬೀದಿಯಲ್ಲಿ ಬೂಟು ತಿಕ್ಕಿದರೆ ಬಾಲಕಾರ್ಮಿಕ, ಕ್ಯಾಮೆರಾ ಮುಂದೆ ತಿಕ್ಕಿದರೆ ಬಾಲಕಲಾವಿದ. ಬೇಲು ಪಾತ್ರದ ಬೇಬಿ ನಾಜ್‌ಗೆ 1955ರ ಕಾನ್ ಚಿತ್ರೋತ್ಸವದಲ್ಲಿ ವಿಶೇಷ ಮನ್ನಣೆಯೇ ಸಿಕ್ಕಿತು. ಸ್ಟೇಷನ್ನಿನ ಹೊರಗೆ ನಿಜವಾಗಿ ಬ್ರಷ್ಷು ಹಿಡಿದವಳಿಗೆ ಸಿಗುವುದು ವ್ಯಾನು.

ಚಿತ್ರದಲ್ಲಿ ಮಳೆಗಾಲ ಬಂತು. ಕೆಸರಲ್ಲಿ ನಡೆಯುವವರು ಯಾರು ಪಾಲಿಶ್ ಮಾಡಿಸುತ್ತಾರೆ? ಯಾರೋ ಎಸೆದ ನಾಣ್ಯವನ್ನು ಭೋಲಾ ಮುಟ್ಟುವುದಿಲ್ಲ. ಹಸಿದ ಬೇಲು ಎತ್ತಿಕೊಳ್ಳುತ್ತಾಳೆ, ಅಣ್ಣ ಕೆನ್ನೆಗೆ ಬಾರಿಸುತ್ತಾನೆ, ನಾಣ್ಯ ಕೆಳಗೆ ಬೀಳುತ್ತದೆ. ಚಿತ್ರ ಬಂದ ಐದು ವರ್ಷಕ್ಕೆ ಸರ್ಕಾರವೂ ಬಾರಿಸಿತು: 1959ರ ಬಾಂಬೆ ಭಿಕ್ಷಾಟನೆ ತಡೆ ಕಾಯ್ದೆ. ಬೇಡುವವರ ಜೊತೆಗೆ ಹಾಡಿ ಕುಣಿದು ಕಾಸು ಪಡೆಯುವವರೂ, ಜೀವನಕ್ಕೆ ದಾರಿ ಕಾಣದೆ ಅಲೆಯುವವರೂ ಅದರ ಲೆಕ್ಕದಲ್ಲಿ ಭಿಕ್ಷುಕರೇ. ದಾರಿ ಕಾಣದಿರುವುದೇ ಅಪರಾಧ. ದೆಹಲಿ ಹೈಕೋರ್ಟ್ 2018ರಲ್ಲಿ ಈ ಕಾಯ್ದೆಯ ದಂಡನೆಯ ಕಲಮುಗಳನ್ನು ರದ್ದು ಮಾಡಿತು, ಆದರೆ ದೆಹಲಿಯ ಮಟ್ಟಿಗೆ ಮಾತ್ರ. ನಾವಂತೂ ಕರ್ನಾಟಕದಲ್ಲಿ 1975ರ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ಶೇ 3 ಭಿಕ್ಷುಕರ ಸೆಸ್ ಕಟ್ಟಿ, ಸಿಗ್ನಲ್‌ನಲ್ಲಿ ಕಾರಿನ ಗಾಜು ಏರಿಸಿಕೊಳ್ಳುತ್ತೇವೆ.

ಉಳಿದಿದ್ದವನು ನಾಣ್ಯ ಎಸೆದ ಪುಣ್ಯಾತ್ಮ. ಇಂದೋರ್ ಆಡಳಿತ 2025ರ ಜನವರಿಯಿಂದ ಅವನನ್ನೂ ಬಿಡಲಿಲ್ಲ. ಭಿಕ್ಷೆ ಕೊಟ್ಟರೂ ಕೇಸು. ಭಿಕ್ಷುಕರ ಸುಳಿವು ಕೊಟ್ಟವರಿಗೆ ಮಾತ್ರ 1000 ರೂಪಾಯಿ ಬಹುಮಾನ. ಜಾನ್ ಚಾಚಾ ಸುಮ್ಮನೆ ಸಾರಾಯಿ ಮಾರಿ ಜೈಲಿಗೆ ಹೋದ. ಮಕ್ಕಳಿಬ್ಬರನ್ನೂ ಹಿಡಿದುಕೊಟ್ಟಿದ್ದರೆ, ಕಾನೂನುಬದ್ಧವಾಗಿ, 2000.