ಫ್ರೀ ಲತಾ

ನಾನು ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್ ಓದಿದ್ದು ಬಸ್ಸಿನಲ್ಲಿ. ಮನೆ ಉಡುಪಿಯಲ್ಲಿ, ಕಾಲೇಜು ಮಂಗಳೂರಿನಲ್ಲಿ, ನಡುವೆ ದಿನಾ ಎಕ್ಸ್‌ಪ್ರೆಸ್ ಬಸ್ಸು. ಕ್ಲಾಸಿನಲ್ಲಿ ಓದಲಿಲ್ವಾ ಅಂತ ಕೇಳಬೇಡಿ. ಬೆಳಿಗ್ಗೆ ಐದೂವರೆಗೆ ಎದ್ದವನಿಗೆ ಕ್ಲಾಸಿನಲ್ಲಿ ಬೇರೆ ಕೆಲಸ ಇತ್ತು.

ಸೀಟು ಸಿಕ್ಕಿದ ವಾರದಲ್ಲೇ ಪಕ್ಕದ ಮನೆಯ ದೊಡ್ಡಮ್ಮ ಟಿವಿ ರಿಮೋಟು ಹಿಡಿದುಕೊಂಡು ಬಂದರು. "ಕಂಪ್ಯೂಟರ್ ಕಲಿಯುವುದಲ್ವಾ ಮಗಾ, ಇದೊಂದು ನೋಡು." ಸೆಲ್ ಉಲ್ಟಾ ಇತ್ತು, ತಿರುಗಿಸಿ ಹಾಕಿದೆ, ಸರಿಯಾಯಿತು. ನಾಲ್ಕು ವರ್ಷದಲ್ಲಿ ನಾನು ಪೂರ್ತಿ ಅರ್ಥ ಮಾಡಿಕೊಂಡು ಬಗೆಹರಿಸಿದ ಸಮಸ್ಯೆ ಅದೊಂದೇ ಇರಬೇಕು.

ನಮ್ಮ ಲ್ಯಾಬಿನಲ್ಲಿ ಇದ್ದದ್ದು ಟರ್ಬೋ ಸಿ, ಅಂದರೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದು ಓಡಿಸುವ ಸಾಫ್ಟ್‌ವೇರು. ನೀಲಿ ಪರದೆ, ಹಳದಿ ಅಕ್ಷರ. ಸಿ ಭಾಷೆಯನ್ನು ಡೆನ್ನಿಸ್ ರಿಚಿ ಬೆಲ್ ಲ್ಯಾಬ್ಸಿನಲ್ಲಿ ಕೂತು ಕಟ್ಟಿದ್ದು 1972ರ ಹೊತ್ತಿಗೆ, ಟರ್ಬೋ ಸಿ ಬಂದದ್ದು 1987ರಲ್ಲಿ. ನಮ್ಮ ಲ್ಯಾಬಿನ ಕಂಪ್ಯೂಟರುಗಳು ಎರಡನ್ನೂ ಕಣ್ಣಾರೆ ಕಂಡ ಹಾಗಿದ್ದವು.

ಮೊದಲ ವರ್ಷ ಫ್ಯಾಕ್ಟೋರಿಯಲ್ ಪ್ರೋಗ್ರಾಂ ಬರೆದೆ. 7 ಕೊಟ್ಟರೆ 5040 ಬಂತು. ಮೇಡಂ "8 ಕೊಡು ನೋಡುವಾ" ಅಂದರು. ಮೈನಸ್ 25216 ಬಂತು. ಒಂದರಿಂದ ಎಂಟರವರೆಗೆ ಗುಣಿಸುತ್ತಾ ಹೋದರೆ ನಡುವೆ ಮೈನಸ್ ಎಲ್ಲಿಂದ ಹತ್ತಿತು? ಸರಿಯಾದ ಉತ್ತರ 40320. ಆದರೆ ಟರ್ಬೋ ಸಿಯಲ್ಲಿ ಇಂಟ್ ಅಂದರೆ ಪೂರ್ಣಾಂಕ ಇಡುವ 16 ಬಿಟ್ಟಿನ ಡಬ್ಬ, ಅದರಲ್ಲಿ 32767ಕ್ಕಿಂತ ಜಾಸ್ತಿ ಹಿಡಿಸುವುದಿಲ್ಲ, ಮೀರಿದರೆ ಸುತ್ತು ಹೊಡೆದು ಆ ಕಡೆಯಿಂದ ಮೈನಸ್ ಆಗಿ ಬರುತ್ತದೆ. ಇದೆಲ್ಲ ಈಗ ಗೊತ್ತು. ಆಗ ನಾನು ಹೇಳಿದ್ದು, "ಕಂಪ್ಯೂಟರ್ ಸರಿ ಇಲ್ಲ ಮೇಡಂ." ಅವರು ಪಾಪ, ಪಕ್ಕದ ಕಂಪ್ಯೂಟರಿನಲ್ಲಿ ಕೂರಿಸಿದರು. ಅಲ್ಲೂ ಮೈನಸ್ 25216.

"ಇದೂ ಸರಿ ಇಲ್ಲ ಮೇಡಂ."

ಅವತ್ತೇ ತೀರ್ಮಾನ ಮಾಡಿದೆ, ಅರ್ಥ ಮಾಡಿಕೊಳ್ಳುವುದು ನಮಗೆ ಹೇಳಿದ್ದಲ್ಲ, ಬಾಯಿಪಾಠವೇ ಸೈ. ಮೂರನೇ ಸೆಮಿಸ್ಟರಿನಲ್ಲಿ ಡೇಟಾ ಸ್ಟ್ರಕ್ಚರ್ಸ್ ಬಂತು, ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಜೋಡಿಸಿಡುವ ಬೇರೆ ಬೇರೆ ಕ್ರಮಗಳ ಪಾಠ. ಸೀನಿಯರ್ ಒಬ್ಬನ ಹತ್ತಿರ ಎಲ್ಲ ಲ್ಯಾಬ್ ಪ್ರೋಗ್ರಾಮುಗಳ ಜೆರಾಕ್ಸ್ ಇತ್ತು, ನಾವು ಅದರ ಜೆರಾಕ್ಸ್ ಮಾಡಿಸಿಕೊಂಡೆವು. ಬಸ್ಸು ಕಾಪು ದಾಟುವಾಗ ಸ್ಟ್ಯಾಕ್ ಮುಗಿಯಬೇಕು, ಪಡುಬಿದ್ರಿಗೆ ಕ್ಯೂ, ಮುಲ್ಕಿಯಿಂದ ಸುರತ್ಕಲ್‌ವರೆಗೆ ಲಿಂಕ್ಡ್ ಲಿಸ್ಟ್. ಸುರತ್ಕಲ್‌ನಲ್ಲಿ ಇಳಿಯುವವರ ಗಲಾಟೆಯಲ್ಲಿ ಯಾವಾಗಲೂ ಒಂದೆರಡು ಸಾಲು ನನ್ನ ತಲೆಯಿಂದಲೂ ಇಳಿದು ಹೋಗುತ್ತಿತ್ತು.

ಲಿಂಕ್ಡ್ ಲಿಸ್ಟ್ ಅಂದರೆ ದೊಡ್ಡ ವಿಷಯ ಅಲ್ಲ. ನಮ್ಮೂರಲ್ಲಿ ಯಾರದ್ದಾದರೂ ಮನೆ ಹುಡುಕಿದ್ದೀರಾ? ಅಂಗಡಿಯವನಿಗೆ ಕೇಳಿದರೆ "ಮುಂದೆ ಒಂದು ಕಟ್ಟೆ ಉಂಟು, ಅಲ್ಲಿ ಕೇಳಿ" ಅನ್ನುತ್ತಾನೆ. ಕಟ್ಟೆಯವರು ಗುಡ್ಡೆ ಕೆಳಗಿನ ಮನೆ ತೋರಿಸುತ್ತಾರೆ. ಯಾರಿಗೂ ಪೂರ್ತಿ ದಾರಿ ಗೊತ್ತಿಲ್ಲ, ಮುಂದಿನವನ ವಿಳಾಸ ಮಾತ್ರ ಗೊತ್ತು. ಕೊನೆಗೊಂದು ಕಡೆ "ಮುಂದೆ ಯಾರೂ ಇಲ್ಲ" ಅಂತಾರಲ್ಲ, ಅದು ನಲ್.

ಆ ಜೆರಾಕ್ಸಿನಲ್ಲಿ ಒಂದು ವಿಶೇಷ ಇತ್ತು. ಎಲ್ಲ ಪ್ರೋಗ್ರಾಮಿನಲ್ಲೂ ಲತಾ ಅಂತ ಒಂದು ಶಬ್ದ. ಸ್ಟ್ಯಾಕಿಗೂ ಲತಾ, ಕ್ಯೂಗೂ ಲತಾ. ನಾನು ಅದನ್ನು ಇಂಟ್, ಚಾರ್ ಥರ ಸಿ ಭಾಷೆಯದ್ದೇ ಶಬ್ದ ಅಂದುಕೊಂಡಿದ್ದೆ. ನಗಬೇಡಿ, ನಮ್ಮ ಕ್ಲಾಸಿನ ಮುಕ್ಕಾಲು ಜನ ಹಾಗೇ ಅಂದುಕೊಂಡಿದ್ದರು.

ಲ್ಯಾಬ್ ಪರೀಕ್ಷೆ. ಚೀಟಿ ಎತ್ತಿದೆ, ಲಿಂಕ್ಡ್ ಲಿಸ್ಟ್. ಪ್ರೋಗ್ರಾಂ ಬದಲಿಸಿ ಕೊಡಿ ಅಂದರೆ ಮಾರ್ಕು ಕಟ್. ಹಾಗಾಗಿ ಮುಲ್ಕಿಯನ್ನು ನೆನೆದುಕೊಂಡು ಟೈಪ್ ಮಾಡಲು ಶುರು ಮಾಡಿದೆ. ಕಂಪೈಲ್ ಮಾಡಿದರೆ ಸೆಮಿಕೋಲನ್ ಇಲ್ಲ ಅಂತ ಎರರ್. ಜೆರಾಕ್ಸಿನ ಮಡಿಕೆಯಲ್ಲಿ ಒಂದು ಸೆಮಿಕೋಲನ್ ಅಳಿಸಿ ಹೋಗಿತ್ತು, ನಾನು ಅದಿಲ್ಲದೆಯೇ ಬಾಯಿಪಾಠ ಮಾಡಿದ್ದೆ. ಅದನ್ನಾದರೂ ಸರಿಯಾಗಿ ತೋರಿಸುತ್ತದಾ? ತಪ್ಪು ಮೇಲಿನ ಸಾಲಿನದ್ದು, ಬೈಗುಳ ಕೆಳಗಿನ ಸಾಲಿಗೆ. ನಮ್ಮ ಮನೆಯಲ್ಲಿ ಅಣ್ಣನ ಕಿತಾಪತಿಗೆ ನನಗೆ ಬೀಳುತ್ತಿದ್ದ ಹಾಗೆ.

ಅದು ಸರಿಯಾಗಿ ಪ್ರೋಗ್ರಾಂ ಓಡಿತು ಅನ್ನುವಾಗ "ನಲ್ ಪಾಯಿಂಟರ್ ಅಸೈನ್‌ಮೆಂಟ್" ಅಂತ ಬಂತು. ಇಲ್ಲದ ವಿಳಾಸಕ್ಕೆ ಏನೋ ಬರೆದಿದ್ದೀಯಾ ಅಂತ ಅದರ ಅರ್ಥ, ಆಗ ಗೊತ್ತಿರಲಿಲ್ಲ. ಇನ್ನು ಇದರ ಅಸೈನ್‌ಮೆಂಟ್ ಬೇರೆ ಬರೆಯಬೇಕಾ ಅಂತ ಎದೆ ಧಸಕ್ ಅಂತು. ನಲ್ ರೆಫರೆನ್ಸನ್ನು 1965ರಲ್ಲಿ ತಂದ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್, 2009ರಲ್ಲಿ ಅದು ತನ್ನ ನೂರು ಕೋಟಿ ಡಾಲರಿನ ತಪ್ಪು ಅಂತ ಒಪ್ಪಿಕೊಂಡರು. ನನ್ನ ಹತ್ತು ಮಾರ್ಕನ್ನು ಅದರಲ್ಲಿ ಸೇರಿಸಿದ್ದಾರೋ ಇಲ್ಲವೋ.

ಅಷ್ಟರಲ್ಲಿ ಎಕ್ಸ್‌ಟರ್ನಲ್ ಪರೀಕ್ಷಕರು ಬಂದು ಹಿಂದೆ ನಿಂತರು. ಘಟ್ಟದ ಮೇಲಿನವರು. ಪರದೆಯನ್ನೇ ಸ್ವಲ್ಪ ಹೊತ್ತು ನೋಡಿದರು.

"ಯಾರಪ್ಪಾ ಈ ಲತಾ?"

ನನಗೆ ಅವಾಗ ಹೊಳೆಯಿತು, ಇದು ಹೆಸರು!

"ಸರ್, ಲಿಂಕ್ಡ್ ಲಿಸ್ಟ್ ಬಳ್ಳಿಯ ಹಾಗೆ ಒಂದಕ್ಕೊಂದು ಹಬ್ಬಿಕೊಂಡು ಹೋಗ್ತದಲ್ಲ. ಅದಕ್ಕೆ ಲತಾ." ಇಂಥ ಉತ್ತರ ನನ್ನ ಬಾಯಿಂದ ಬಂದದ್ದಕ್ಕೆ ನನಗೇ ಮೈ ಜುಂ ಅಂತು.

"ಓಹೋ. ಆ ಮೂಲೆಯವನ ಸ್ಟ್ಯಾಕಿನಲ್ಲೂ ಇದ್ದಾಳಲ್ಲ? ಬೆಳಿಗ್ಗೆಯಿಂದ ನೀನು ಆರನೆಯವನು."

"ಬಳ್ಳಿ ಅಲ್ವಾ ಸರ್, ಎಲ್ಲಿಗೂ ಹಬ್ಬುತ್ತದೆ."

ಅವರು ನಗಲಿಲ್ಲ. ಕೊನೆಯ ಸಾಲಿನ ಮೇಲೆ ಪೆನ್ನು ಇಟ್ಟರು. ಅಲ್ಲಿ ಫ್ರೀ ಲತಾ ಅಂತಿತ್ತು. "ಇವಳನ್ನು ಯಾಕೆ ಫ್ರೀ ಮಾಡಬೇಕು?"

"ಮಾಡದಿದ್ದರೆ ಸುಮ್ನೆ ಮೆಮೊರಿಯಲ್ಲೇ ಉಳಿದುಬಿಡ್ತಾಳೆ ಸರ್."

ಆಗ ನಕ್ಕರು. ಕೆಲಸ ಮುಗಿದ ಮೆಮೊರಿಯನ್ನು ವಾಪಸ್ ಕೊಡುವುದೇ ಫ್ರೀ, ಹಾಗಾಗಿ ಅದು ಸರಿಯಾದ ಉತ್ತರವೂ ಹೌದು, ಬಾಯಿಪಾಠ ಮಾಡದೆ ನಾನು ಹೇಳಿದ ಮೊದಲ ಉತ್ತರವೂ ಹೌದು. ಪಾಸಾದೆ. ಆ ಜೆರಾಕ್ಸನ್ನು ಜೂನಿಯರ್‌ಗಳು ಕೇಳಿದಾಗ, ಸೆಮಿಕೋಲನ್ ಪೆನ್ನಿನಲ್ಲಿ ತಿದ್ದಿ ಕೊಟ್ಟೆ. ಲತಾಳನ್ನು ಮುಟ್ಟಲಿಲ್ಲ.

ಮೊನ್ನೆ ಉಡುಪಿಯಲ್ಲಿ ಒಂದು ಮದುವೆ. ಊಟ ಮುಗಿಸಿ ಐಸ್‌ಕ್ರೀಮಿಗೆ ನಿಂತಾಗ ಆ ಸೀನಿಯರ್ ಸಿಕ್ಕಿದ, ಪಕ್ಕದಲ್ಲಿ ಹೆಂಡತಿ. ಮಾತಾಡುತ್ತಾ ಮಾತಾಡುತ್ತಾ ನಾಲಿಗೆ ಜಾರಿತು. "ಅಣ್ಣಾ, ಆ ಲತಾ ಯಾರು?"

ಅವನ ಚಮಚ ಬಾಯಿಯ ಹತ್ತಿರವೇ ನಿಂತಿತು. "ಎಂತ ಮಾರಾಯಾ ನೀನು! ಅದು ನನ್ನದಲ್ಲ, ನಾನೂ ಸೀನಿಯರ್ ಹತ್ತಿರ ಜೆರಾಕ್ಸ್ ಮಾಡಿಸಿದ್ದು."

ನಾನು ಹೆದರುತ್ತಾ ಅವನ ಹೆಂಡತಿಯ ಮುಖ ನೋಡಿದೆ. ಅವರು ಕೂಡ ಕಂಪ್ಯೂಟರ್ ಸೈನ್ಸೇ, ಬೇರೆ ಕಾಲೇಜು.

"ಲತಾಳಾ?" ಅಂದರು ಐಸ್‌ಕ್ರೀಮ್ ಕೆರೆಯುತ್ತಾ, "ನಮ್ಮ ಲ್ಯಾಬಿನಲ್ಲೂ ಇದ್ದಳು."